ಆರು ತಿಂಗಳು ಟೈಮ್ ಇತ್ತು

ಕಾನೂನು ಸೇವಾ ಪ್ರಾಧಿಕಾರದವರು ಕೊಟ್ಟ ವಕೀಲರ ಮುಂದೆ ಕೂತ ದಿನ ನಾನು ಕೇಳಿದ್ದು ಒಂದೇ ಮಾತು. "ಗಂಡನಿಂದ ರೋಗ ಬಂದ್ರ ಕೇಸ್ ಆಗ್ತದೇನ್ರಿ ಮೇಡಂ?"

ಅವರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. "ಬಂದಿದ್ದಕ್ಕ ಆಗಂಗಿಲ್ಲಮ್ಮ. ಗೊತ್ತಿದ್ದೂ ಹೇಳಲಾರದಕ್ಕ ಆಗ್ತದ. ಅವರಿಗೆ ಗೊತ್ತಿತ್ತು ಅನ್ನೋದಕ್ಕ ನಿನ್ನ ಹತ್ರ ಏನದ?"

ನನ್ನ ಹತ್ತಿರ ಫೋನಿನಲ್ಲಿ ಒಂದು ಫೋಟೋ ಇತ್ತು.

ನಮ್ಮ ತವರು ರಾಯಚೂರು. ಕೊಟ್ಟದ್ದು ಸಿಂಧನೂರು ಕಡೆಯ ಒಂದು ಊರಿಗೆ. ಕಾಲುವೆ ನೀರಿನ ಊರು, ಎತ್ತ ನೋಡಿದರೂ ಭತ್ತ. ಅವರದು ಬೀಜ, ಗೊಬ್ಬರದ ಅಂಗಡಿ. 2023ರ ದಸರಾ ಮುಗಿದ ವಾರ ನಿಶ್ಚಿತಾರ್ಥ ಆಯಿತು, 2024ರ ಏಪ್ರಿಲ್ ಕೊನೆಗೆ ಮದುವೆ. ಇವೆರಡರ ನಡುವೆ ಆರು ತಿಂಗಳು. ಈ ಆರು ತಿಂಗಳ ಲೆಕ್ಕ ಆಗ ನನಗೆ ಲೆಕ್ಕವೇ ಆಗಿರಲಿಲ್ಲ. ಸೀರೆ, ಬ್ಲೌಸು, ಕಾರ್ಡು ಹಂಚೋದರಲ್ಲಿ ಕಳೆದುಹೋಯಿತು.

ಆ ವರ್ಷ ಗಣಪತಿ ಕೂಡಿಸಿದ ವಾರ ಕರಿಗಡುಬಿನ ವಾಸನೆಗೇ ಹೊಟ್ಟೆ ತೊಳೆಸಿತು. ಮನೆಯಲ್ಲಿ ಎಲ್ಲರೂ ಮುಸಿಮುಸಿ ನಕ್ಕರು. ಸಿಹಿ ಸುದ್ದಿ ಅಂದುಕೊಂಡರು. ಮೂರನೇ ದಿನಕ್ಕೆ ಕೀಲು ಕೀಲು ನೋವು, ಮೂತ್ರ ಕಡು ಚಹಾದ ಬಣ್ಣ. ಐದನೇ ದಿನ ಬಚ್ಚಲ ಕನ್ನಡಿಯಲ್ಲಿ ನೋಡಿಕೊಂಡರೆ ಕಣ್ಣು ಅರಿಶಿನ. ಅತ್ತೆ ಪಕ್ಕದ ಊರಿಗೆ ಕರೆದುಕೊಂಡು ಹೋಗಿ ಖಾಲಿ ಹೊಟ್ಟೆಗೆ ಯಾವುದೋ ಸೊಪ್ಪಿನ ರಸ ಕುಡಿಸಿದರು. ನಮ್ಮ ಕಡೆ ಕಾಮಣಿ, ಅಂದರೆ ಕಾಮಾಲೆ, ಬಂದರೆ ಮೊದಲು ಹೋಗೋದೇ ಅಲ್ಲಿಗೆ. ಮೂರು ದಿನ ಕುಡಿದೆ, ಮೂರು ದಿನವೂ ವಾಂತಿ. ಆಮೇಲೆ ಅಣ್ಣ ಕಾರು ಮಾಡಿಕೊಂಡು ಬಂದು ರಾಯಚೂರಿಗೆ ಕರೆದುಕೊಂಡು ಹೋದ.

ಲಿವರಿನ ಪರೀಕ್ಷೆ ಮಾಡಿಸಿದರೆ ಬಿಲಿರುಬಿನ್ 11 ದಾಟಿತ್ತು. ಎಸ್‌ಜಿಪಿಟಿ 1900. ಸಾಮಾನ್ಯವಾಗಿ ಅದು 40ರ ಆಸುಪಾಸು ಇರಬೇಕಂತೆ. ರಿಪೋರ್ಟಿನಲ್ಲಿ ಎಚ್‌ಬಿಎಸ್‌ಎಜಿ, ಅಂದರೆ ಹೆಪಟೈಟಿಸ್ ಬಿ ಪರೀಕ್ಷೆಯ ಎದುರು 'ಪಾಸಿಟಿವ್' ಅಂತ ದಪ್ಪಕ್ಷರ. ಡಾಕ್ಟರು ಅದನ್ನು ಪಕ್ಕಕ್ಕಿಟ್ಟು, "ಲಗ್ನ ಆಗಿ ಎಷ್ಟು ದಿನ ಆತಮ್ಮ?" ಅಂದರು. ಐದು ತಿಂಗಳು ಅಂದೆ. "ಯಜಮಾನ್ರನ್ನ ಕರ್ಸು."

ಜನ ಬಿಳಿ ಕಾಮಾಲೆ ಅನ್ನೋದು ಇದನ್ನೇ, ಹೆಪಟೈಟಿಸ್ ಬಿ. ಹೊಕ್ಕ ಮೇಲೆ ಒಂದರಿಂದ ಆರು ತಿಂಗಳೊಳಗೆ ಯಾವಾಗ ಬೇಕಾದರೂ ಕಾಣಿಸಿಕೊಳ್ಳುತ್ತೆ. ರಕ್ತದಿಂದ, ಸಂಭೋಗದಿಂದ, ಹೆರಿಗೆ ಹೊತ್ತಿಗೆ ತಾಯಿಯಿಂದ ಮಗುವಿಗೆ ಬರುತ್ತೆ. ಒಂದೇ ತಟ್ಟೆಯಲ್ಲಿ ಉಂಡರೆ ಬರಲ್ಲ. ಇದನ್ನು ಡಾಕ್ಟರು ನಮ್ಮ ಅವ್ವನಿಗೆ ಮೂರು ಸಲ ಹೇಳಿದರು. ಆದರೂ ನನಗೆ ಒಂದು ಸ್ಟೀಲ್ ತಟ್ಟೆ ಬೇರೆ ಆಯಿತು. ಅದರ ಅಂಚಿಗೆ ಉಗುರುಬಣ್ಣದಲ್ಲಿ ಒಂದು ಚುಕ್ಕೆ. ಅವ್ವನ ಮೇಲೆ ಸಿಟ್ಟಿಲ್ಲ. ಆ ತಟ್ಟೆ ಮಾತ್ರ ಇನ್ನೂ ಕಣ್ಣ ಮುಂದೆ ಇದೆ.

ಗಂಡ ಬಂದರು, ರಕ್ತ ಕೊಟ್ಟರು. ಅವರಿಗೂ ಪಾಸಿಟಿವ್. "ಅಯ್ಯೋ, ನಂಗೂ ಬಂತಾ?" ಅಂದರು. ಆ 'ಬಂತಾ' ಕೇಳಿ, ನನ್ನಿಂದಲೇ ಅವರಿಗೆ ಹತ್ತಿತೇನೋ ಅಂತ ನಾನೇ ಹೆದರಿದೆ. ಡಾಕ್ಟರು ಏನೂ ಮಾತಾಡಲಿಲ್ಲ. ಇಬ್ಬರಿಗೂ ಐಜಿಎಂ ಅನ್ನೋ ಇನ್ನೊಂದು ಪರೀಕ್ಷೆ ಬರೆದರು. ಸೋಂಕು ಹೊಸದಾದರೆ ಅದು ಪಾಸಿಟಿವ್ ಬರುತ್ತದಂತೆ. ನನಗೆ ಬಂತು, ಅವರಿಗೆ ಬರಲಿಲ್ಲ.

"ಯಾರಿಂದ ಯಾರಿಗೆ ಬಂತು ಅಂತ ರಕ್ತ ಹೇಳಂಗಿಲ್ಲಮ್ಮ," ಅಂದರು ಡಾಕ್ಟರು. "ಯಾರದು ಹಳೇದು, ಯಾರದು ಹೊಸದು ಅಂತ ಹೇಳ್ತದ." ದೊಡ್ಡವರಾದ ಮೇಲೆ ಹತ್ತಿದರೆ 100ರಲ್ಲಿ ಸುಮಾರು 95 ಜನಕ್ಕೆ ಆರು ತಿಂಗಳೊಳಗೆ ತಾನೇ ಹೋಗುತ್ತೆ ಅಂತಲೂ ಧೈರ್ಯ ಹೇಳಿದರು. ಹುಟ್ಟುವಾಗಲೇ ಹತ್ತಿದರೆ ಲೆಕ್ಕ ತಿರುಗುಮುರುಗು. ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಉಳಿದುಬಿಡುತ್ತೆ. ಎಷ್ಟೋ ವರ್ಷ ಸದ್ದಿಲ್ಲದೆ ಕೂತು ಕೊನೆಗೆ ಲಿವರ್ ತಿನ್ನಬಹುದು.

ಅಲ್ಲಿಂದ ತವರಲ್ಲೇ ಉಳಿದೆ. ಅಕ್ಟೋಬರ್‌ನಲ್ಲಿ ಮಾರ್ಕ್ಸ್‌ಕಾರ್ಡು ತರಬೇಕಾಗಿತ್ತು. ನಾನು ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದವಳು, ಮತ್ತೆ ಸೇರುವ ವಿಚಾರ ಇತ್ತು. ಬನ್ನಿ ಹಬ್ಬದ ದಿನ ಬೆಳಿಗ್ಗೆ ಅಣ್ಣನ ಜೊತೆ ಊರಿಗೆ ಹೋದೆ. ಅಲ್ಮೆರಾದಲ್ಲಿ ಪಹಣಿ ಕಾಗದಗಳ ಕೆಳಗೆ, ಬಂಗಾರದ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಹಳದಿ ಫೈಲು. 2021ರಲ್ಲಿ ಅವರಿಗೆ ಹರ್ನಿಯಾ ಆಪರೇಷನ್ ಆಗಿತ್ತು. ಅದು ನನಗೆ ಗೊತ್ತಿತ್ತು, ಹೊಟ್ಟೆಯ ಮೇಲೆ ಗೀಟು ನೋಡಿದ್ದೆ. ಆಪರೇಷನ್‌ಗೆ ಮುಂಚೆ ಮಾಡಿಸಿದ ರಕ್ತ ಪರೀಕ್ಷೆಗಳೂ ಅದರಲ್ಲೇ ಇದ್ದವು. ಎಚ್‌ಬಿಎಸ್‌ಎಜಿ ರಿಯಾಕ್ಟಿವ್, ಅಂದರೆ ಪಾಸಿಟಿವ್. ಸುತ್ತ ಕೆಂಪು ಪೆನ್ನಿನ ಗುಂಡು. ಕೆಳಗೆ ಕನ್ನಡದಲ್ಲೇ ಮೂರು ಸಾಲು ಕೈಬರಹ: ರೋಗಿಗೆ ತಿಳಿಸಲಾಗಿದೆ. ಮನೆಯವರಿಗೆ ಪರೀಕ್ಷೆ ಮಾಡಿಸುವುದು. ಮದುವೆಗೆ ಮುಂಚೆ ಸಂಗಾತಿಗೆ ಲಸಿಕೆ.

ಅದರ ಕೆಳಗೆ ಅವರ ಸಹಿ. ಹೆಸರು ಬರೆದು ಅಡಿಗೆ ಎರಡು ಗೆರೆ ಎಳೆಯೋದು ಅವರ ರೂಢಿ. ಅಂಗಡಿಯ ಬಿಲ್ಲಿನಲ್ಲೂ ಹಾಗೇ, ಮದುವೆ ನೋಂದಣಿ ಪುಸ್ತಕದಲ್ಲೂ ಹಾಗೇ.

ಫೋಟೋ ತೆಗೆದೆ. ಕೈ ನಡುಗಿ ಮೊದಲಿನ ಎರಡು ಮಸುಕಾದವು. ಫೈಲನ್ನು ಇದ್ದಲ್ಲೇ ಇಟ್ಟೆ. ಯಾಕೆ ಇಟ್ಟೆನೋ! ಅದರ ಬೆಲೆ ಆಮೇಲೆ ತೆತ್ತೆ. ಸಂಜೆ ಹೊರಡುವಾಗ ಗಂಡ ಎಲ್ಲರ ಎದುರು ನನ್ನ ಕೈಗೆ ಬನ್ನಿ ಇಟ್ಟು, "ಬಂಗಾರದಂಗ ಇರೋಣು" ಅಂದರು. ಕಾರಿನಲ್ಲಿ ರಾಯಚೂರು ಮುಟ್ಟುವ ತನಕ ಆ ಎಲೆ ಮುಷ್ಟಿಯಲ್ಲೇ ಇತ್ತು.

ಆಮೇಲೆ ಹಿರಿಯರು ಕುಂತರು. ಎರಡೂ ಕಡೆಯ ಮಾವಂದಿರು, ದೊಡ್ಡಪ್ಪಂದಿರು. ಮೊದಲ ಸಲ "ಸಂಕ್ರಾಂತಿ ಆಗ್ಲಿ" ಅಂದರು. ಸಂಕ್ರಾಂತಿ ಆದ ಮೇಲೆ "ಯುಗಾದಿ ಆಗ್ಲಿ". ಒಬ್ಬರು, "ಹುಡುಗಿ ಆರಾಮ ಆಗ್ಯಾಳಲ್ಲ, ಮತ್ಯಾಕ?" ಅಂದರು. ನಿಜ, ಆರಾಮಾಗಿದ್ದೆ. ಮಾರ್ಚ್‌ನಲ್ಲಿ ಮಾಡಿಸಿದ ಪರೀಕ್ಷೆಯಲ್ಲಿ ವೈರಸ್ ಹೋಗಿತ್ತು. ಅದನ್ನು ತಡೆಯುವ ಶಕ್ತಿ ರಕ್ತದಲ್ಲಿ ಬಂದಿತ್ತು. ಅದರ ಅಂಕಿ 10 ದಾಟಿದ್ದರೆ ಸಾಕಂತೆ, ನನಗೆ 200ರ ಮೇಲಿತ್ತು. ಇನ್ನು ಜನ್ಮದಲ್ಲಿ ಇದು ಮತ್ತೆ ಹತ್ತಲ್ಲ ಅಂದರು ಡಾಕ್ಟರು. ನಮ್ಮ ದೊಡ್ಡಪ್ಪನಿಗೆ ಇದೇ ರಾಜಿಗೆ ದಾರಿ ಅನ್ನಿಸಿತು. "ಹೆಂಗೂ ಇನ್ನ ಹತ್ತಂಗಿಲ್ಲಂತ. ಹೋಗಿ ಇರವಾ."

ಹೋಗಿದ್ದರೆ ಏನಾಗುತ್ತಿತ್ತು ಅನ್ನೋದು ಗೊತ್ತಾಗಿದ್ದು ಯುಗಾದಿ ಆದ ಮೇಲೆ, ವಕೀಲರ ಹತ್ತಿರ.

ಮೊದಲು ಹೋದ ವಕೀಲರು ಫೋಟೋವನ್ನು ಸರಿಯಾಗಿ ನೋಡಲೂ ಇಲ್ಲ. ವರದಕ್ಷಿಣೆ ಕಿರುಕುಳ ಅಂತ ಹಾಕೋಣ, ಮಾವ, ಅತ್ತೆ, ಮೈದುನ, ಮದುವೆಯಾಗಿ ಹುಬ್ಬಳ್ಳಿಯಲ್ಲಿರುವ ನಾದಿನಿ, ಎಲ್ಲರ ಹೆಸರೂ ಬರಲಿ, ತಾವೇ ಓಡಿ ಬರುತ್ತಾರೆ ಅಂದರು. ಅವರು ವರದಕ್ಷಿಣೆ ಕೇಳಿರಲಿಲ್ಲ. ಅತ್ತೆ ನನ್ನನ್ನು ಒಂದು ದಿನ ಗದರಿದವರಲ್ಲ. ಇಲ್ಲದ್ದು ಬರೆದರೆ ಇದ್ದದ್ದೂ ಸುಳ್ಳಾಗುತ್ತೆ ಅನ್ನೋದು ಶಾಲೆ ಮಕ್ಕಳಿಗೂ ಗೊತ್ತು. ಎದ್ದು ಬಂದೆ.

15100 ಅನ್ನೋದು ಕಾನೂನು ಸೇವೆಯ ಸಹಾಯವಾಣಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. 1987ರ ಕಾಯ್ದೆಯಲ್ಲೇ ಇದೆ. ಕೋರ್ಟಿನ ಆವರಣದಲ್ಲೇ ಆಫೀಸು. ಅರ್ಜಿ, ಆಧಾರ್ ಕೊಟ್ಟೆ. ಒಂದು ವಾರ ಆದ ಮೇಲೆ, ಶುರುವಿನಲ್ಲಿ ಹೇಳಿದೆನಲ್ಲ, ಆ ಮೇಡಂ ಸಿಕ್ಕರು. ಉಚಿತ ಅಂದರೆ ಕಾಟಾಚಾರ ಅಂತ ಅಣ್ಣ ಅಂದಿದ್ದ. ಮೇಡಂ ನನ್ನ ಫೈಲನ್ನು ಎರಡು ಸಲ ಓದಿ, ಬಿಳಿ ಹಾಳೆಯ ಮೇಲೆ ತಾರೀಖುಗಳನ್ನು ಒಂದರ ಕೆಳಗೊಂದು ಬರೆದರು.

"ಫೈಲ್ ನೋಡಿದ್ ದಿನದಿಂದ ಒಂದು ವರ್ಷ, ಅಷ್ಟರಾಗ ಅರ್ಜಿ ಬೀಳಬೇಕು. ಅದರಾಗ ಅರ್ಧ ನಿಮ್ಮ ಹಿರೇರು ತಿಂದಾರ."

ಹಿಂದೂ ವಿವಾಹ ಕಾಯ್ದೆಯ 12ನೇ ಸೆಕ್ಷನ್. ಮುಖ್ಯವಾದ ಸಂಗತಿ ಮುಚ್ಚಿಟ್ಟು ಒಪ್ಪಿಗೆ ಪಡೆದಿದ್ದರೆ ಆ ಮದುವೆಯನ್ನು ರದ್ದು ಮಾಡಿಸಬಹುದು. ಮೋಸ ಗೊತ್ತಾದ ಒಂದು ವರ್ಷದೊಳಗೆ ಕೇಳಬೇಕು. ಗೊತ್ತಾದ ಮೇಲೂ ಮನಸಾರೆ ಗಂಡನ ಜೊತೆ ಬಾಳಿದ್ದರೆ ಆ ಹಕ್ಕೇ ಹೋಯಿತು. ದೊಡ್ಡಪ್ಪನ ಮಾತು ಕೇಳಿ ನಾನು ಹೋಗಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು.

ವಿಚ್ಛೇದನದ 13ನೇ ಸೆಕ್ಷನ್‌ನಲ್ಲಿ 'ಹರಡುವ ಗುಪ್ತರೋಗ' ಅನ್ನೋ ಕಾರಣವೂ ಇದೆ. ಆದರೆ ಯಾವ ಯಾವ ರೋಗ ಅಂತ ಅಲ್ಲಿ ಹೆಸರು ಬರೆದಿಲ್ಲ. ಹೆಪಟೈಟಿಸ್ ಬಿ ಅದರಲ್ಲಿ ಬರುತ್ತಾ ಇಲ್ವಾ ಅನ್ನೋ ವಾದವೇ ವರ್ಷ ತಿನ್ನುತ್ತೆ, ಅದು ಬೇಡ ಅಂದರು ಮೇಡಂ. ಎಚ್‌ಐವಿಗೆ 2017ರ ಪ್ರತ್ಯೇಕ ಕಾಯ್ದೆ ಇದೆ. ಇದಕ್ಕೆ ಅಂಥದ್ದಿಲ್ಲ.

ಇನ್ನು ಪೊಲೀಸ್ ಕೇಸ್. ಪ್ರಾಣಕ್ಕೆ ಅಪಾಯ ತರುವ ರೋಗ ಹರಡಬಹುದು ಅಂತ ಗೊತ್ತಿದ್ದೂ ನಿರ್ಲಕ್ಷ್ಯ ಮಾಡಿದರೆ ಹಳೆಯ ಐಪಿಸಿ 269, ಆರು ತಿಂಗಳವರೆಗೆ ಜೈಲು. ಕೆಟ್ಟ ಉದ್ದೇಶ ಇದ್ದರೆ 270, ಎರಡು ವರ್ಷದವರೆಗೆ. 2024ರ ಜುಲೈ 1ರಿಂದ ಅವೇ ಭಾರತೀಯ ನ್ಯಾಯ ಸಂಹಿತೆಯ 271, 272 ಆಗಿವೆ. ನಮ್ಮ ಮದುವೆ ಏಪ್ರಿಲ್, ಕಾಮಣಿ ಸೆಪ್ಟೆಂಬರ್. ಒಂದೇ ಸಂಸಾರ, ಅರ್ಧ ಹಳೇ ಕಾನೂನಿನಲ್ಲಿ, ಅರ್ಧ ಹೊಸದರಲ್ಲಿ. ಮೇಡಂ ನಕ್ಕುಬಿಟ್ಟರು, ನಾನೂ ನಕ್ಕೆ. ಎಷ್ಟೋ ತಿಂಗಳ ಮೇಲೆ ನಕ್ಕಿದ್ದು.

ಠಾಣೆಯಲ್ಲಿ ನಗು ಬರಲಿಲ್ಲ. ಯಾವ ಠಾಣೆ ಅಂತ ಬರೆಯಲ್ಲ. ಕೂತಿದ್ದವರು ದೂರು ಓದಿ, "ಇದು ಗಂಡ ಹೆಂಡ್ತಿ ನಡುವಿನ ವಿಷಯ ರೀ" ಅಂದರು. ಆಮೇಲೆ "ಆಗಿದ್ದು ನಮ್ಮ ಹದ್ದಿನಾಗಲ್ಲ" ಅಂದರು. ಪಕ್ಕದ ಬೆಂಚಿನಲ್ಲಿ ಬೈಕ್ ಕಳಕೊಂಡ ಹುಡುಗನೊಬ್ಬ ಕೂತಿದ್ದ. ಅವನಿಗೆ ಕೇಳುವ ಹಾಗೆ, "ಮತ್ತ ನಿಮಗ ಮೊದಲೇ ಇದ್ದಿದ್ರ?" ಅಂತ ಕೇಳಿದರು. ಕಿವಿ ಬಿಸಿಯಾಯಿತು. ಮೇಡಂ ಹೇಳಿಕೊಟ್ಟಿದ್ದನ್ನಷ್ಟೇ ಹೇಳಿದೆ: ಹದ್ದು ಯಾವುದಾದರೂ ಝೀರೋ ಎಫ್‌ಐಆರ್ ತಗೋಬೇಕು, ಆಗಲ್ಲ ಅಂದರೆ ಹಿಂಬರಹ ಬರೆದುಕೊಡಿ. ಹಿಂಬರಹವನ್ನೂ ಕೊಡಲಿಲ್ಲ. ಅದೇ ದೂರನ್ನು ಎಸ್‌ಪಿ ಅವರಿಗೆ ಅಂಚೆಯಲ್ಲಿ ಕಳಿಸಿದೆವು. ಮೂರು ವಾರಕ್ಕೆ ಎಫ್‌ಐಆರ್ ಆಯಿತು.

'ಮೊದಲೇ ಇದ್ದಿದ್ರ?' ಅನ್ನೋದಕ್ಕೆ ಉತ್ತರ ನನ್ನ ಪರ್ಸಿನಲ್ಲೇ ಇತ್ತು, ನನಗೇ ಹೊಳೆದಿರಲಿಲ್ಲ. ಮದುವೆಗೆ ಮುಂಚೆ, 2024ರ ಜನವರಿಯ ವಿವೇಕಾನಂದ ಜಯಂತಿಗೆ ಶಾಲೆಯಲ್ಲಿ ರಕ್ತದಾನ ಶಿಬಿರ ಇತ್ತು. ಸುಮ್ನೆ ಬಾಳೆಹಣ್ಣು, ಬಿಸ್ಕಿಟ್ಟಿನ ಆಸೆಗೆ ಕೊಟ್ಟಂತೆ ತಮಾಷೆ ಮಾಡುತ್ತಾ ಕೊಟ್ಟಿದ್ದೆ. ದಾನದ ರಕ್ತಕ್ಕೆಲ್ಲ ಐದು ಪರೀಕ್ಷೆ ಕಡ್ಡಾಯ: ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ. ದಾನಿಯ ಕಾರ್ಡ್ ತೋರಿಸಿ ಕೇಳಿದಾಗ ಬ್ಲಡ್ ಬ್ಯಾಂಕಿನವರು ನನ್ನ ಫಲಿತಾಂಶ ಬರೆದುಕೊಟ್ಟರು. ಐದೂ ಇಲ್ಲ.

ಗಂಡನ ಫೈಲಿನದು ಬೇರೆ ಗೋಳು. ಫೋಟೋ ಸಾಲದು. ಫೋನಿನಲ್ಲಿರುವುದನ್ನು ಸಾಕ್ಷಿಯಾಗಿ ಕೊಡಬೇಕಾದರೆ ಹೊಸ ಸಾಕ್ಷ್ಯ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕು. ಮೂಲ ಕಾಗದ ಇದ್ದರೆ ಇನ್ನೂ ಒಳ್ಳೆಯದು. ಆಮೇಲೆ ನೋಡಿದರೆ ಅಲ್ಮೆರಾದಲ್ಲಿ ಫೈಲು ಇರಲಿಲ್ಲವಂತೆ. ಆಪರೇಷನ್ ಮಾಡಿದ ಆಸ್ಪತ್ರೆ ರೋಗಿಯ ಕಾಗದ ನನಗೆ ಕೊಡಲ್ಲ ಅಂತು. ಅದು ಸರಿಯೇ, ನನ್ನ ಕಾಗದವನ್ನೂ ಯಾರಿಗೋ ಕೊಟ್ಟರೆ ನಾನು ಸುಮ್ಮನಿರುತ್ತೇನಾ? ಮೇಡಂ 1998ರ ಸುಪ್ರೀಂ ಕೋರ್ಟ್ ತೀರ್ಪೊಂದನ್ನು ತೋರಿಸಿದರು. ಕೇಸಿನ ಹೆಸರೇ 'ಮಿಸ್ಟರ್ ಎಕ್ಸ್', 'ಹಾಸ್ಪಿಟಲ್ ಜೆಡ್'. ರಕ್ತ ಕೊಡಲು ಹೋದವರಿಗೆ ಎಚ್‌ಐವಿ ಇರೋದು ಗೊತ್ತಾಗಿ, ಆಸ್ಪತ್ರೆಯಿಂದ ಸುದ್ದಿ ಹೊರಗೆ ಹೋಗಿ ಮದುವೆ ನಿಂತ ಕೇಸು. ಮದುವೆಯಾಗಲಿರುವ ಹುಡುಗಿಯ ಜೀವ ಉಳಿಯೋದು ಆ ಗುಟ್ಟಿಗಿಂತ ದೊಡ್ಡದು ಅಂತ ಕೋರ್ಟ್ ಆಸ್ಪತ್ರೆಯ ಪರ ನಿಂತಿತು. 269, 270ರ ಮಾತೂ ಅದರಲ್ಲಿ ಬಂದಿದೆ. ಕೊನೆಗೆ ನಮ್ಮ ಕೋರ್ಟಿನಿಂದ ಆಸ್ಪತ್ರೆಗೆ ಸಮನ್ಸ್ ಹೋಯಿತು. ಅವರ ದಾಖಲೆಯಲ್ಲಿ ಅದೇ ಚೀಟಿಯ ಕಾರ್ಬನ್ ಪ್ರತಿ ಇತ್ತು. ಹೆಸರಿನ ಅಡಿಗೆ ನೀಲಿ ಬಣ್ಣದ ಎರಡು ಗೆರೆ.

ಅದಕ್ಕೂ ಮುಂಚೆ ಒಂದು ದಿನ ಮಧ್ಯಸ್ಥಿಕೆಗೆ ಕೂಡಿಸಿದ್ದರು. ಸಣ್ಣ ರೂಮು, ಗುಂಡು ಟೇಬಲ್ಲು. ಅಲ್ಲಿ ಗಂಡ ಬಾಯಿಬಿಟ್ಟರು. ಡಾಕ್ಟರು ಹೇಳಿದ್ದು ನಿಜ. ಮನೆಯಲ್ಲಿ ಅಪ್ಪನಿಗೆ ಮಾತ್ರ ಹೇಳಿದ್ದೆ. ಹೇಳಿದರೆ ಸಂಬಂಧ ತಪ್ಪುತ್ತೆ, ಮೈಗೆ ಏನೂ ಆಗಿಲ್ಲವಲ್ಲ, ಸುಮ್ನಿರು ಅಂತ ಅಪ್ಪನೇ ಅಂದರು. ಹೇಳುತ್ತಾ ಹೇಳುತ್ತಾ ಗಂಡ ಅತ್ತರು. ನನಗೆ ಒಳಗೊಳಗೆ ಗೆದ್ದ ಹಾಗಾಯಿತು. ಹೊರಗೆ ಬಂದು ಮೇಡಂಗೆ, "ಒಪ್ಕೊಂಡ್ರಲ್ಲ!" ಅಂದೆ. ಅವರು ತಲೆ ಅಲ್ಲಾಡಿಸಿದರು. ಆ ರೂಮಿನಲ್ಲಿ ಆಡಿದ ಮಾತು ಆ ರೂಮಿನದೇ. ಕೋರ್ಟಿನಲ್ಲಿ ಅದನ್ನು ಎತ್ತುವ ಹಾಗಿಲ್ಲ. ಅಲ್ಲ, ಎರಡು ವರ್ಷದಲ್ಲಿ ಒಂದೇ ಒಂದು ಸಲ ಖರೆ ಹೇಳಿದರು, ಅದೂ ಲೆಕ್ಕಕ್ಕೆ ಬರದ ಜಾಗದಲ್ಲಿ!

ಪಾಟೀಸವಾಲಿನಲ್ಲಿ ಅವರ ವಕೀಲರು ಹಿಡಿದಿದ್ದು ನನ್ನ ಹಲ್ಲನ್ನು. 2024ರ ಜೂನ್‌ನಲ್ಲಿ ಎಡಗಡೆ ದವಡೆ ಹಲ್ಲು ಕೀಳಿಸಿದ್ದೆ. "ಹಲ್ಲಿನ ಆಸ್ಪತ್ರೆಯ ಸಲಕರಣೆಯಿಂದ ಬರಬಹುದು ಅಲ್ಲವೇ?" ಬರಬಹುದು. "ಬ್ಯೂಟಿ ಪಾರ್ಲರ್?" ಹೋಗಿದ್ದೆ. "ಮೂಗು ಚುಚ್ಚಿಸಿದ್ದು?" ಅದು ಎಂಟನೇ ಕ್ಲಾಸಿನಲ್ಲಿ. ಮುಕ್ಕಾಲು ಗಂಟೆ ನನ್ನ ಬಾಯಿ, ಮೂಗು, ಹುಬ್ಬು ಎಲ್ಲ ಕಟಕಟೆಯಲ್ಲಿ. ಸುಳ್ಳು ಹೇಳಲಿಲ್ಲ, ಎಲ್ಲಕ್ಕೂ ಹೌದು ಅಂದೆ. ನಂತರ ನಮ್ಮ ಮೇಡಂ ಎದ್ದು ಪೊಲೀಸ್ ಕೇಸಿನ ಸೆಕ್ಷನ್ ಓದಿದರು. ರೋಗ ಹರಡಿತು ಅಂತ ಅದರಲ್ಲಿ ಇಲ್ಲ. ಹರಡುವ ಸಂಭವ ಇದೆ ಅಂತ ಗೊತ್ತಿದ್ದೂ ಮಾಡಿದ್ದು ಅಂತ ಇದೆ. ಮದುವೆ ರದ್ದಿಗೂ ಅಷ್ಟೇ, ಮುಚ್ಚಿಟ್ಟರಾ ಇಲ್ವಾ ಅನ್ನೋದೇ ಪ್ರಶ್ನೆ. ನನಗೆ ರೋಗ ಹಲ್ಲಿನಿಂದಲೇ ಬಂದಿರಲಿ, ಆ ಕಾರ್ಬನ್ ಚೀಟಿ ಅಳಿಸಿಹೋಗಲ್ಲ. ಆಸ್ಪತ್ರೆ ಖರ್ಚು, ಪರಿಹಾರ ಕೇಳುವಾಗ ಮಾತ್ರ ಹಲ್ಲು ಮತ್ತೆ ಎದುರು ಬರುತ್ತೆ. ಅದಕ್ಕೆ ಐಜಿಎಂ ರಿಪೋರ್ಟೂ, ರಕ್ತದಾನದ ಕಾಗದವೂ ಜೊತೆಗಿವೆ.

ಲಸಿಕೆಯ ಲೆಕ್ಕ ತಿಳಿದದ್ದು ಈ ಓಡಾಟದಲ್ಲೇ. ಮೂರು ಸೂಜಿ. ಇವತ್ತು ಒಂದು, ತಿಂಗಳಿಗೆ ಇನ್ನೊಂದು, ಆರನೇ ತಿಂಗಳಿಗೆ ಮೂರನೆಯದು. ನಿಶ್ಚಿತಾರ್ಥದ ಮರುದಿನ ಮೊದಲನೆಯದು ಹಾಕಿಸಿಕೊಂಡಿದ್ದರೆ ಅರಿಶಿನ ಹಚ್ಚುವ ಹೊತ್ತಿಗೆ ಮೂರನೆಯದೂ ಮುಗಿದಿರುತ್ತಿತ್ತು. ಅವರಿಗೆ ಬೇಕಾದ ಗುಳಿಗೆಯೂ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ಕಾರ್ಯಕ್ರಮ ಅದು. ಅವರು ಹೇಳಿದ್ದರೆ ನಾನು ಮದುವೆಗೆ ಒಪ್ಪುತ್ತಿದ್ದೆನಾ? ಮೇಡಂ ಕೇಳಿದಾಗ ಉತ್ತರ ಕೊಡಲಾಗಲಿಲ್ಲ. ಬಹುಶಃ ಒಪ್ಪುತ್ತಿದ್ದೆ. ಚೆನ್ನಾಗಿ ಮಾತಾಡುತ್ತಿದ್ದರು, ಓದುವ ಚಟ ಇತ್ತು.

ಎರಡೂ ಕೇಸು ನಡೆಯುತ್ತಿವೆ. ತಾರೀಖಿನ ಮೇಲೆ ತಾರೀಖು.

ಹೋದ ತಿಂಗಳು ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಅತ್ತೆ. ಪಕ್ಕದ ಮನೆಯವರ ಫೋನಿನಿಂದ ಮಾಡಿದ್ದರು. ಮನೆಯಲ್ಲಿ ಎಲ್ಲರಿಗೂ ರಕ್ತ ಪರೀಕ್ಷೆ ಮಾಡಿಸಿದ್ದಾರಂತೆ. ಅವರಿಗೂ ಅದೇ ಇದೆ. ಮಗನಿಗೆ ಹೆರಿಗೆಯಲ್ಲೇ ತಮ್ಮಿಂದ ಬಂದಿರಬೇಕು ಅಂತ ಡಾಕ್ಟರು ಅಂದರಂತೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಹಿಂದೆ ಟ್ರ್ಯಾಕ್ಟರ್ ಸದ್ದು.

"ಹಂಗಾದ್ರ ನನ್ನ ಮ್ಯಾಲೂ ಕೇಸ್ ಆಗ್ತದೇನವಾ?"

"ಇಲ್ಲತ್ತಿ. ನಿಮಗ ಗೊತ್ತಿರಲಿಲ್ಲಲ್ಲ."

"ಗೊತ್ತಿರಲಿಲ್ಲ ನೋಡವಾ," ಅಂದರು. "ಆಣೆಗೂ ಗೊತ್ತಿರಲಿಲ್ಲ." ಆಮೇಲೆ ದನಿ ತಗ್ಗಿಸಿದರು. ಸಣ್ಣವನಿಗೆ ಹೆಣ್ಣು ನೋಡುತ್ತಿದ್ದಾರಂತೆ. ಅವನ ರಕ್ತದಲ್ಲಿ ಇಲ್ಲವಂತೆ, ಆದರೂ ಸೂಜಿ ಹಾಕಿಸಿದ್ದಾರೆ. ಒಂದು ಆಗಿದೆ. ಎರಡನೆಯದು ಎಷ್ಟು ದಿನಕ್ಕೆ ಅಂತ ಆಸ್ಪತ್ರೆಯಲ್ಲಿ ಹೇಳಿದ್ದು ಮರೆತುಹೋಗಿದೆ.

ಒಂದು ತಿಂಗಳಿಗೆ ಅಂದೆ.